ಫಿಸಿಕ್ಸ್ ಡಿಗ್ರಿ ಆರಿಸುವ ಮುನ್ನ: ಬೆಂಗಳೂರಿನ ಪಿಯುಸಿ ವಿದ್ಯಾರ್ಥಿಗಳಿಗೊಂದು ಕೈಪಿಡಿ

ಸೆಕೆಂಡ್ ಪಿಯುಸಿ ಫಲಿತಾಂಶ ಬಂದ ವಾರ ಬೆಂಗಳೂರಿನ ನಾಲ್ಕು ಕಾಲೇಜುಗಳ ಪ್ರಾಸ್ಪೆಕ್ಟಸ್ ಮುಂದಿಟ್ಟುಕೊಂಡು ಕೂತರೆ ಫಿಸಿಕ್ಸ್ ಅನ್ನುವುದು ಹತ್ತು ಬೇರೆ ಬೇರೆ ವಿಷಯ ಅನ್ನಿಸಿಬಿಡುತ್ತದೆ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ), ಪಿಎಂಇ (ಫಿಸಿಕ್ಸ್, ಗಣಿತ, ಎಲೆಕ್ಟ್ರಾನಿಕ್ಸ್), ಪಿಎಂಸಿಎಸ್ (ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್), ಫಿಸಿಕ್ಸ್ ಆನರ್ಸ್, ಆಸ್ಟ್ರೋಫಿಸಿಕ್ಸ್ ಸೇರಿದ ಬಿಎಸ್ಸಿ, ನ್ಯಾನೋ ಸೈನ್ಸ್, ಬಿಎಸ್ ರಿಸರ್ಚ್, ಎಂಜಿನಿಯರಿಂಗ್ ಫಿಸಿಕ್ಸ್. ಮನೆಯಲ್ಲಿ ಒಬ್ಬರು ‘ಇಸ್ರೋಗೆ ಹೋಗಬಹುದಾ?’ ಅಂತಾರೆ, ಇನ್ನೊಬ್ಬರು ‘ಬಿಇಡಿ ಮಾಡಿಬಿಡಲಿ, ಮೇಷ್ಟ್ರ ಕೆಲಸ ಸಿಕ್ಕೇ ಸಿಗುತ್ತೆ’ ಅಂತಾರೆ. ಅಡ್ಮಿಷನ್ ಕೌಂಟರಿನಲ್ಲಿ ಕೂತವರಿಗೆ ಸೀಟು ತುಂಬಿದರೆ ಸಾಕಾಗಿರುತ್ತದೆ.

ನಮ್ಮ ಸಲಹೆ ಮೊದಲೇ ಹೇಳಿಬಿಡುತ್ತೇವೆ. ಡಿಗ್ರಿ ಹಂತದಲ್ಲಿ ಹುಡುಕಬೇಕಾದ್ದು ಮೂರು: ಗಟ್ಟಿಯಾದ ಮೂಲ ಫಿಸಿಕ್ಸ್, ಕೊನೆಯವರೆಗೂ ಜೊತೆಗಿರುವ ಗಣಿತ, ನಿಮ್ಮ ಕೈಗೇ ಸಿಗುವ ಲ್ಯಾಬ್. ವಿಶೇಷ ಶಾಖೆ ಎಂಎಸ್ಸಿಗೆ ಬರಲಿ. ಆದರೆ ಕೆಲವು ಕಡೆ ಡಿಗ್ರಿಯ ಹೆಸರನ್ನು, ವಿಷಯಗಳ ಜೋಡಣೆಯನ್ನು ಅಕ್ಷರ ಬಿಡದೆ ಓದುತ್ತಾರೆ. ಆ ಬಾಗಿಲುಗಳು ಯಾವುವು ಅಂತ ಈಗಲೇ ತಿಳಿದಿರಬೇಕು. ಮೂರು ವರ್ಷ ಆದಮೇಲೆ ತಿಳಿದರೆ ಏನೂ ಮಾಡಲಾಗದು.

ಹೆಸರು ಓದುವ ಬಾಗಿಲುಗಳು

ನಿಮಗೆ ಹಿಡಿಸಬಹುದಾದ ಎರಡು ಮೂರು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದಕ್ಕೂ ತೀರಾ ಇತ್ತೀಚಿನ ನೇಮಕಾತಿ ಅಧಿಸೂಚನೆ ಹುಡುಕಿ, ‘ಶೈಕ್ಷಣಿಕ ಅರ್ಹತೆ’ ಅನ್ನುವ ಭಾಗ ಮಾತ್ರ ಓದಿ. ಅರ್ಧ ದಿನದ ಕೆಲಸ ಇದು. ಇದರಷ್ಟು ಉಪಯೋಗಕ್ಕೆ ಬರುವ ಅರ್ಧ ದಿನ ಈ ಬೇಸಿಗೆಯಲ್ಲಿ ಇನ್ನೊಂದಿಲ್ಲ.

ಸರ್ಕಾರಿ ಹೈಸ್ಕೂಲ್ ಶಿಕ್ಷಕರ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಆ ಹುದ್ದೆಗಳನ್ನು ಕರೆಯುವುದೇ ‘ಪಿಸಿಎಂ ಶಿಕ್ಷಕರು’, ‘ಸಿಬಿಝಡ್ (ಕೆಮಿಸ್ಟ್ರಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು’ ಎಂದು. ಡಿಗ್ರಿಯಲ್ಲಿ ಕೆಮಿಸ್ಟ್ರಿ ಬಿಟ್ಟು ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಎಷ್ಟೇ ಚೆನ್ನಾಗಿ ಫಿಸಿಕ್ಸ್ ಬಲ್ಲವರಾದರೂ ಅರ್ಹತೆಯ ಸಾಲಿನ ಮುಂದೆ ನಿಂತು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಪಾಠ ಹೇಳುವುದೇ ನಿಮ್ಮ ಆಸೆಯಾದರೆ ಪಿಸಿಎಂ ಬಿಟ್ಟು ಬೇರೆ ಯೋಚನೆ ಬೇಡ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎಸ್ಸಿ, ಬಿಇಡಿ ಎರಡೂ ಸೇರಿ 4 ವರ್ಷದಲ್ಲಿ ಮುಗಿಯುತ್ತವೆ. ಬೆಂಗಳೂರಿನಲ್ಲೇ ಮಾಡಿದರೆ 3 ವರ್ಷದ ಬಿಎಸ್ಸಿ, ಮೇಲೆ 2 ವರ್ಷದ ಬಿಇಡಿ. ಪಿಯು ಉಪನ್ಯಾಸಕರಾಗಲು ಎಂಎಸ್ಸಿ ಜೊತೆ ಬಿಇಡಿ, ಡಿಗ್ರಿ ಕಾಲೇಜಿಗೆ ಎಂಎಸ್ಸಿಯಲ್ಲಿ 55 ಶೇಕಡ ಮತ್ತು ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ. ಇವೆರಡರಲ್ಲಿ ಎಂಎಸ್ಸಿಯ ವಿಷಯ ಮುಖ್ಯವಾಗುತ್ತದೆ, ಬಿಎಸ್ಸಿಯ ಜೋಡಣೆಗೆ ಅಷ್ಟು ತೂಕವಿಲ್ಲ.

ಎರಡನೆಯ ಬಾಗಿಲು ಮೆಡಿಕಲ್ ಫಿಸಿಕ್ಸ್, ಅಂದರೆ ಆಸ್ಪತ್ರೆಯ ವಿಕಿರಣ ಚಿಕಿತ್ಸೆಯ ಹಿಂದಿನ ಫಿಸಿಕ್ಸ್. ಇಲ್ಲಿ ಅರ್ಹತೆ ನಿಗದಿ ಮಾಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ. ಇದರ ಬಗ್ಗೆ ಕೆಳಗೆ ವಿವರವಾಗಿ ಹೇಳುತ್ತೇವೆ.

ಮೂರನೆಯದು ಇನ್‌ಸ್ಪೈರ್ ವಿದ್ಯಾರ್ಥಿವೇತನ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ 1 ಶೇಕಡದೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ: ಇದರಲ್ಲಿ 60,000 ನೇರ, 20,000 ಬೇಸಿಗೆ ಪ್ರಾಜೆಕ್ಟಿಗೆ. ಬಿಎಸ್ಸಿ, ಬಿಎಸ್, ಇಂಟಿಗ್ರೇಟೆಡ್ ಎಂಎಸ್ಸಿಗೆ ಇದು ಸಿಗುತ್ತದೆ, ಬಿಟೆಕ್ ಎಂಜಿನಿಯರಿಂಗ್ ಫಿಸಿಕ್ಸ್‌ಗೆ ಸಿಗುವುದಿಲ್ಲ. ಮನೆಯ ಸ್ಥಿತಿ ನೋಡಿಕೊಂಡು ಓದುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇಸ್ರೋ ವಿಚಾರ ನೇರವಾಗಿಯೇ ಹೇಳಬೇಕು. ಅಲ್ಲಿನ ಸೈಂಟಿಸ್ಟ್/ಎಂಜಿನಿಯರ್ ಹುದ್ದೆಗಳಲ್ಲಿ ಬಹುಪಾಲು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ನ ಬಿಇ, ಬಿಟೆಕ್ ಓದಿದವರಿಗೆ. ಎಂಎಸ್ಸಿ ಫಿಸಿಕ್ಸ್‌ನವರನ್ನು ಕರೆಯುವುದುಂಟು, ಆದರೆ ಆಗಾಗ, ಕಡಿಮೆ ಸಂಖ್ಯೆಯಲ್ಲಿ. ‘ಬಿಎಸ್ಸಿ ಆಸ್ಟ್ರೋಫಿಸಿಕ್ಸ್ ಮಾಡಿ ಇಸ್ರೋ ಸೇರುತ್ತೇನೆ’ ಅನ್ನುವ ಲೆಕ್ಕದ ಮೇಲೆ ಸೀಟು ತೆಗೆದುಕೊಳ್ಳಬೇಡಿ. ಫಿಸಿಕ್ಸ್ ಎಂಎಸ್ಸಿಯವರನ್ನು ಪ್ರತಿವರ್ಷ ಕ್ರಮವಾಗಿ ತೆಗೆದುಕೊಂಡು, ಒಂದು ವರ್ಷ ತರಬೇತಿ ಕೊಟ್ಟು ವಿಜ್ಞಾನಿ ಹುದ್ದೆ ಕೊಡುವ ದಾರಿ ಬೇಕಾದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ಟ್ರೈನಿಂಗ್ ಸ್ಕೂಲ್ ಕಡೆ ನೋಡಿ.

ಉಳಿದ ಬಾಗಿಲುಗಳೆಲ್ಲ, ಅಂದರೆ ಡಿಗ್ರಿಯ ನಂತರ ಎಂಎಸ್ಸಿ, ಎಂಟೆಕ್, ಪಿಎಚ್‌ಡಿಗೆ ಬರೆಯುವ ಜ್ಯಾಮ್, ಜೆಸ್ಟ್, ಗೇಟ್, ನೆಟ್ ಪರೀಕ್ಷೆಗಳು, ನಿಮ್ಮ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಏನು ಅಚ್ಚಾಗಿದೆ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. ಫಿಸಿಕ್ಸ್ ಬರುತ್ತದೋ ಇಲ್ಲವೋ ಅಷ್ಟೇ ಕೇಳುತ್ತವೆ. ಜೊತೆಗೆ ಗಣಿತ. ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಡಿಗ್ರಿಯಲ್ಲಿ ಫಿಸಿಕ್ಸ್ ಮುಖ್ಯ ವಿಷಯವಾಗಿರಬೇಕು, ಗಣಿತವೂ ಓದಿರಬೇಕು. ಗಣಿತವಿಲ್ಲದ ಫಿಸಿಕ್ಸ್ ಜೋಡಣೆ ಯಾವ ಕಾಲೇಜು ತೋರಿಸಿದರೂ, ಎಷ್ಟೇ ಚಂದದ ಹೆಸರಿಟ್ಟಿದ್ದರೂ, ಅದನ್ನು ಪಟ್ಟಿಯಿಂದ ಹೊಡೆದುಹಾಕಿ.

ಸಿಲಬಸ್ ಅಳೆಯುವ ಕೋಲು

ಕಾಲೇಜಿನ ವೆಬ್‌ಸೈಟಿನಲ್ಲಿ ಕೋರ್ಸಿನ ಹೆಸರಷ್ಟೇ ಓದಿ ಮುಚ್ಚಬೇಡಿ, ಆರೂ ಸೆಮಿಸ್ಟರಿನ ಪೂರ್ಣ ಸಿಲಬಸ್ ಇಳಿಸಿಕೊಳ್ಳಿ. ಪಕ್ಕದಲ್ಲಿ ಜ್ಯಾಮ್ ಫಿಸಿಕ್ಸ್ ಸಿಲಬಸ್ ಇಡಿ. ಅದರಲ್ಲಿ ಏಳು ಭಾಗಗಳಿವೆ: ಗಣಿತ ವಿಧಾನಗಳು; ಮೆಕ್ಯಾನಿಕ್ಸ್ ಮತ್ತು ದ್ರವ್ಯದ ಸಾಮಾನ್ಯ ಗುಣಗಳು; ಆಂದೋಲನ, ಅಲೆ, ದ್ಯುತಿಶಾಸ್ತ್ರ; ವಿದ್ಯುತ್ತು ಮತ್ತು ಕಾಂತತೆ; ಚಲನ ಸಿದ್ಧಾಂತ ಮತ್ತು ಉಷ್ಣಗತಿಶಾಸ್ತ್ರ; ಆಧುನಿಕ ಭೌತವಿಜ್ಞಾನ; ಘನಸ್ಥಿತಿ, ಸಾಧನಗಳು, ಎಲೆಕ್ಟ್ರಾನಿಕ್ಸ್. ಒಂದೊಂದು ಸಾಲಿಗೂ ಕಾಲೇಜಿನ ಸಿಲಬಸ್‌ನಲ್ಲಿ ಜೋಡಿ ಸಿಕ್ಕರೆ ಟಿಕ್ ಹಾಕುತ್ತ ಹೋಗಿ. ನೀವು ಜ್ಯಾಮ್ ಬರೆಯದಿದ್ದರೂ ಪರವಾಗಿಲ್ಲ. ದೇಶದಲ್ಲಿ ಒಬ್ಬ ಬಿಎಸ್ಸಿ ವಿದ್ಯಾರ್ಥಿಗೆ ಏನು ಗೊತ್ತಿರಬೇಕು ಅನ್ನುವುದಕ್ಕೆ ಇಷ್ಟು ಅಚ್ಚುಕಟ್ಟಾದ ಅಳತೆಗೋಲು ಬೇರೆ ಇಲ್ಲ.

ಟಿಕ್ ಹಾಕುವಾಗ ಶೀರ್ಷಿಕೆಗೆ ಮೋಸಹೋಗಬೇಡಿ, ಒಳಗೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಕ್ವಾಂಟಮ್ ಮೆಕ್ಯಾನಿಕ್ಸ್ ಅಂತ ಬರೆದು, ದ್ಯುತಿವಿದ್ಯುತ್ ಪರಿಣಾಮ, ಕಾಂಪ್ಟನ್ ಚದುರುವಿಕೆ, ಡಿಬ್ರಾಯ್ ತರಂಗ ಹೇಳಿ, ಪೆಟ್ಟಿಗೆಯೊಳಗಿನ ಕಣದಲ್ಲಿ ನಿಲ್ಲಿಸಿದ್ದರೆ ಅದು ಪಿಯುಸಿಯ ಮುಂದಿನ ಒಂದು ಹೆಜ್ಜೆ ಅಷ್ಟೇ. ಹಾರ್ಮೋನಿಕ್ ಆಸಿಲೇಟರ್, ಹೈಡ್ರೋಜನ್ ಪರಮಾಣು ಎರಡಕ್ಕೂ ಶ್ರೋಡಿಂಗರ್ ಸಮೀಕರಣ ಬಿಡಿಸುವವರೆಗೆ ಹೋಗಿದ್ದರೆ ಅದು ಕೋರ್ಸು. ವಿದ್ಯುತ್ಕಾಂತತೆಯಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳು ಡೈವರ್ಜೆನ್ಸ್, ಕರ್ಲ್ ರೂಪದಲ್ಲಿ ಬಂದು, ಅಲ್ಲಿಂದ ಅಲೆಯ ಸಮೀಕರಣ ಹೊರಡುತ್ತದೆಯೇ? ಉಷ್ಣದ ಪೇಪರಿನಲ್ಲಿ ಪಾರ್ಟಿಷನ್ ಫಂಕ್ಷನ್ ಎಂಬ ಪದ ಎಲ್ಲಾದರೂ ಇದೆಯೇ? ಈ ಮೂರು ಪ್ರಶ್ನೆಗೆ ‘ಹೌದು’ ಸಿಕ್ಕರೆ ಕೋರ್ಸಿನ ಬೆನ್ನುಮೂಳೆ ಸರಿ ಇದೆ.

ಈಗ ವಿಶೇಷ ಹೆಸರಿನ ಕೋರ್ಸುಗಳು ಎಲ್ಲಿ ಎಡವುತ್ತವೆ ನೋಡಿ. ಆಸ್ಟ್ರೋಫಿಸಿಕ್ಸ್ ಪೇಪರು ಎರಡನೆಯ ಅಥವಾ ಮೂರನೆಯ ಸೆಮಿಸ್ಟರಿನಲ್ಲೇ ಇದ್ದರೆ ಒಂದು ಕ್ಷಣ ನಿಲ್ಲಿ. ನಕ್ಷತ್ರಗಳ ರೋಹಿತದಲ್ಲಿ ಯಾವ ಗೆರೆ ಏಕೆ ಗಾಢವಾಗಿದೆ ಅಂತ ಹೇಳುವುದು ಮೇಘನಾದ ಸಹಾ 1920ರಲ್ಲಿ ಕೊಟ್ಟ ಅಯಾನೀಕರಣ ಸಮೀಕರಣ. ಅದು ಅರ್ಥವಾಗಲು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಬೇಕು. ಬಿಳಿ ಕುಬ್ಜ ನಕ್ಷತ್ರ ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ತೂಗಲಾರದು ಅನ್ನುವ ಚಂದ್ರಶೇಖರ್ ಮಿತಿಗೆ ಫರ್ಮಿ-ಡಿರಾಕ್ ಅಂಕಿಶಾಸ್ತ್ರ ಮತ್ತು ವಿಶೇಷ ಸಾಪೇಕ್ಷತೆ ಎರಡೂ ಬೇಕು. ಇವು ಬರುವುದು ಐದನೆಯ, ಆರನೆಯ ಸೆಮಿಸ್ಟರಿಗೆ. ಅದಕ್ಕೂ ಮೊದಲು ಹೇಳುವ ಆಸ್ಟ್ರೋಫಿಸಿಕ್ಸ್‌ನಲ್ಲಿ ಚಿತ್ರ ಇರುತ್ತದೆ, ಪಟ್ಟಿ ಇರುತ್ತದೆ, ‘ಏಕೆ’ ಅನ್ನುವುದಕ್ಕೆ ಉತ್ತರ ಇರುವುದಿಲ್ಲ. ವಿದ್ಯಾರ್ಥಿ ಬಾಯಿಪಾಠ ಮಾಡುತ್ತಾನೆ, ತನಗೆ ಆಸ್ಟ್ರೋಫಿಸಿಕ್ಸ್ ಬರುತ್ತದೆ ಅಂದುಕೊಳ್ಳುತ್ತಾನೆ, ಎಂಎಸ್ಸಿ ಸಂದರ್ಶನದಲ್ಲಿ ಸಿಕ್ಕಿಬೀಳುತ್ತಾನೆ. ನ್ಯಾನೋ ಸೈನ್ಸ್ ಹೆಸರಿನ ಬಿಎಸ್ಸಿಗಳದ್ದೂ ಇದೇ ಕಥೆ. ಘನಸ್ಥಿತಿ ಭೌತವಿಜ್ಞಾನ ಇಲ್ಲದ ನ್ಯಾನೋ ಬರೀ ಪದಕೋಶ. ವಿಶೇಷ ಪೇಪರುಗಳು ಕೊನೆಯ ವರ್ಷದಲ್ಲಿ, ಮೂಲ ಪೇಪರುಗಳನ್ನು ತಳ್ಳಿಹಾಕದೆ ಬಂದಿದ್ದರೆ ಖಂಡಿತ ತೆಗೆದುಕೊಳ್ಳಿ.

ಒಂದು ಸ್ಥಳೀಯ ತೊಡಕು: ಹಳೆಯ ಬೆಂಗಳೂರು ವಿಶ್ವವಿದ್ಯಾಲಯ ಈಗ ಮೂರು ಭಾಗ. ಜ್ಞಾನಭಾರತಿಯ ಬೆಂಗಳೂರು ವಿ.ವಿ., ಸೆಂಟ್ರಲ್ ಕಾಲೇಜಿನ ಆವರಣದ ನಗರ ವಿ.ವಿ., ಕೋಲಾರ ಕಡೆಯ ಉತ್ತರ ವಿ.ವಿ. ಇದಲ್ಲದೆ ಸ್ವಾಯತ್ತ ಕಾಲೇಜುಗಳು, ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಸಿಲಬಸ್ ಮಾಡಿಕೊಳ್ಳುತ್ತವೆ. ಹಾಗಾಗಿ ‘ಅಣ್ಣ ಓದಿದ ಸಿಲಬಸ್’ ನಿಮ್ಮದಾಗಿರಬೇಕಿಲ್ಲ. ನಿಮ್ಮ ಕಾಲೇಜು ಯಾವುದರ ಕೆಳಗಿದೆ, ನಿಮ್ಮ ಬ್ಯಾಚಿಗೆ ಯಾವ ವರ್ಷದ ಸಿಲಬಸ್ ಅನ್ವಯ ಅಂತ ಕೇಳಿ ಬರೆದುಕೊಳ್ಳಿ.

ಇನ್ನೊಂದು ಪರೀಕ್ಷೆ ಹಳೆಯ ಪ್ರಶ್ನೆಪತ್ರಿಕೆ. ಕಾಲೇಜಿನ ಲೈಬ್ರರಿಯಲ್ಲೋ ಸೀನಿಯರ್‌ಗಳ ಹತ್ತಿರವೋ ಮೂರು ವರ್ಷದ್ದು ಸಿಗುತ್ತವೆ. 100 ಅಂಕದಲ್ಲಿ ಲೆಕ್ಕ ಬಿಡಿಸುವ ಪ್ರಶ್ನೆಗಳಿಗೆ ಎಷ್ಟು ಅಂಕ ಅಂತ ಎಣಿಸಿ. ಜ್ಯಾಮ್‌ನಲ್ಲಿ 60 ಪ್ರಶ್ನೆ, 3 ಗಂಟೆ, 100 ಅಂಕ. ಅದರಲ್ಲಿ 30 ಅಂಕ ಉತ್ತರದ ಸಂಖ್ಯೆಯನ್ನೇ ಟೈಪ್ ಮಾಡಬೇಕಾದ ಪ್ರಶ್ನೆಗಳಿಗೆ, ಇನ್ನು 20 ಅಂಕ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗಳಿಗೆ. ಮೂರು ವರ್ಷ ‘ಡಿರೈವ್’ ಅಂದಿದ್ದನ್ನು ಬರೆದು ಅಂಕ ತೆಗೆದವರಿಗೆ ಇದು ಹೊಸ ಆಟದಂತೆ ಕಾಣುತ್ತದೆ. ಕಾಲೇಜು ಲೆಕ್ಕ ಮಾಡಿಸದಿದ್ದರೆ ನೀವೇ ಮಾಡಿಕೊಳ್ಳಬೇಕು, ಅದಕ್ಕೆ ವಾರದಲ್ಲಿ ಎಷ್ಟು ಹೊತ್ತು ಬೇಕು ಅಂತ ಈಗಲೇ ಲೆಕ್ಕಹಾಕಿ.

ಲ್ಯಾಬಿಗೆ ಹೋಗಿ, ಸೋಡಿಯಂ ದೀಪ ಹಚ್ಚಿಸಿ

ಸಿಲಬಸ್ ಮನೆಯಲ್ಲೇ ಓದಬಹುದು, ಲ್ಯಾಬು ನೋಡಲು ಕಾಲೇಜಿಗೇ ಹೋಗಬೇಕು. ವಾರಕ್ಕೆ 4 ಗಂಟೆ ಲ್ಯಾಬ್, ಸೆಮಿಸ್ಟರಿಗೆ 15 ವಾರ ಅಂದರೆ 60 ಗಂಟೆ. ಆರು ಸೆಮಿಸ್ಟರಿಗೆ 360. ವಾರಕ್ಕೆ 2 ಗಂಟೆಯಾದರೆ 180. ಆದರೆ ಗಂಟೆಗಿಂತ ಮುಖ್ಯವಾದದ್ದು ಒಂದು ಮೇಜಿಗೆ ಎಷ್ಟು ಜನ ಎಂಬುದು. ಇಬ್ಬರಾದರೆ ಇಬ್ಬರೂ ಕಲಿಯುತ್ತಾರೆ. ಐವರಾದರೆ ಒಬ್ಬರು ಟೆಲಿಸ್ಕೋಪ್ ತಿರುಗಿಸುತ್ತಾರೆ, ಒಬ್ಬರು ರೀಡಿಂಗ್ ಬರೆಯುತ್ತಾರೆ, ಮೂವರು ನಕಲು ಮಾಡುತ್ತಾರೆ.

ಲ್ಯಾಬಿನ ಆರೋಗ್ಯ ತಿಳಿಯಲು ಒಂದೇ ಪ್ರಯೋಗ ಸಾಕು. ಸೀನಿಯರ್ ವಿದ್ಯಾರ್ಥಿಯೊಬ್ಬರನ್ನು ಕೇಳಿ: ‘ಗ್ರೇಟಿಂಗ್ ಸ್ಪೆಕ್ಟ್ರೋಮೀಟರಿನಲ್ಲಿ ಸೋಡಿಯಂನ ಎರಡು ಗೆರೆ ಬೇರೆ ಬೇರೆಯಾಗಿ ತೋರಿಸ್ತೀರಾ?’ ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ 589.0 ಮತ್ತು 589.6 ನ್ಯಾನೋಮೀಟರಿನ ಎರಡು ಗೆರೆಗಳಿವೆ. ಗ್ರೇಟಿಂಗ್ ಅಂದರೆ ಒತ್ತೊತ್ತಾಗಿ ಗೆರೆ ಕೊರೆದ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಫಲಕ. ಇಂಚಿಗೆ 15,000 ಗೆರೆಯ ಸಾಮಾನ್ಯ ಗ್ರೇಟಿಂಗ್‌ನಲ್ಲಿ ಮೊದಲ ಆರ್ಡರ್, ಅಂದರೆ ಬಿಡಿಸಿದ ಬೆಳಕಿನ ಮೊದಲ ಸಾಲು, ಸುಮಾರು 20 ಡಿಗ್ರಿಯಲ್ಲಿ ಸಿಗುತ್ತದೆ. ಅಲ್ಲಿ ಎರಡು ಗೆರೆಗಳ ನಡುವಿನ ಅಂತರ ಒಂದೂಕಾಲು ಮಿನಿಟ್ ಆರ್ಕ್‌ನಷ್ಟು (ಒಂದು ಮಿನಿಟ್ ಅಂದರೆ ಡಿಗ್ರಿಯ 60ರಲ್ಲಿ ಒಂದು ಭಾಗ), ವರ್ನಿಯರಿನ ಒಂದು ಮನೆಗಿಂತ ಸ್ವಲ್ಪವೇ ಹೆಚ್ಚು. ಎರಡನೆಯ ಆರ್ಡರಿಗೆ, 44 ಡಿಗ್ರಿ ಹತ್ತಿರ ಹೋದರೆ ಅಂತರ ಮೂರು ಮಿನಿಟ್ ದಾಟುತ್ತದೆ. ಸೀಳನ್ನು 0.1 ಮಿಲಿಮೀಟರಿಗಿಂತ ಕಿರಿದು ಮಾಡಿ, ಕಾಲಿಮೇಟರ್ ಫೋಕಸ್ ಸರಿ ಮಾಡಿದರೆ ಒಂದೇ ಅಂದುಕೊಂಡಿದ್ದ ಹಳದಿ ಗೆರೆ ಕಣ್ಣೆದುರೇ ಎರಡಾಗುತ್ತದೆ. ಅದನ್ನು ಮೊದಲ ಸಲ ನೋಡುವ ಹುಡುಗನ ಮುಖ ನೋಡಬೇಕು.

ತೋರಿಸಲಾಗದಿದ್ದರೆ ಕಾರಣ ಸಾಮಾನ್ಯವಾಗಿ ಇಷ್ಟರಲ್ಲೇ ಇರುತ್ತದೆ: ಸೀಳಿನ ಅಂಚು ತುಕ್ಕು ಹಿಡಿದಿದೆ, ಗ್ರೇಟಿಂಗ್ ಮೇಲೆ ಬೆರಳಚ್ಚು ಕೂತಿದೆ, ಪ್ರಿಸಂ ಟೇಬಲ್ ಮಟ್ಟ ಮಾಡುವ ತಿರುಪು ಸವೆದಿದೆ, ಅಥವಾ ಶುಸ್ಟರ್ ವಿಧಾನದಿಂದ ಫೋಕಸ್ ಮಾಡುವುದನ್ನು ಯಾರೂ ಹೇಳಿಕೊಟ್ಟಿಲ್ಲ. ಮೊದಲ ಮೂರಕ್ಕೆ ಸಾವಿರಾರು ರೂಪಾಯಿ ಸಾಕು. ನಾಲ್ಕನೆಯದು ಇಲ್ಲದಿದ್ದರೆ ಲಕ್ಷಾಂತರದ ಹೊಸ ಉಪಕರಣ ತಂದಿಟ್ಟರೂ ಲ್ಯಾಬು ಲ್ಯಾಬಾಗುವುದಿಲ್ಲ. ರೆಕಾರ್ಡ್ ಪುಸ್ತಕವನ್ನೂ ಒಮ್ಮೆ ತಿರುವಿ ನೋಡಿ. ಎಲ್ಲರ ರೀಡಿಂಗೂ ಒಂದೇ ಆಗಿದ್ದರೆ, ಎರರ್ ಲೆಕ್ಕ ಎಲ್ಲೂ ಇಲ್ಲದಿದ್ದರೆ ಅಲ್ಲಿ ಪ್ರಯೋಗ ನಡೆಯುತ್ತಿಲ್ಲ ಅಂತಲೇ ಅರ್ಥ.

ಪಿಸಿಎಂ, ಪಿಎಂಇ, ಪಿಎಂಸಿಎಸ್

ಮೂರರಲ್ಲೂ ಫಿಸಿಕ್ಸ್, ಗಣಿತ ಇರುವುದರಿಂದ ಎಂಎಸ್ಸಿ ಫಿಸಿಕ್ಸ್‌ಗೆ ಮೂರೂ ದಾರಿ. ಮೆಟೀರಿಯಲ್ಸ್, ಘನಸ್ಥಿತಿ, ಶಿಕ್ಷಕ ವೃತ್ತಿಯ ಕಡೆ ಮನಸ್ಸಿದ್ದರೆ ಪಿಸಿಎಂ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಂಥ ಕಡೆ ಕೆಮಿಸ್ಟ್ರಿ ಗೊತ್ತಿರುವ ಫಿಸಿಕ್ಸ್ ವಿದ್ಯಾರ್ಥಿಗೆ ಕೆಲಸ ಸಲೀಸು. ಪಿಎಂಸಿಎಸ್ ತೆಗೆದುಕೊಳ್ಳುವ ಬಹಳ ಜನ ‘ಫಿಸಿಕ್ಸ್ ಆಗದಿದ್ದರೆ ಸಾಫ್ಟ್‌ವೇರ್’ ಅನ್ನುವ ಲೆಕ್ಕದಲ್ಲಿರುತ್ತಾರೆ. ತಪ್ಪೇನಿಲ್ಲ, ಆದರೆ ಕೋಡಿಂಗ್ ಮಾತ್ರವೇ ಬೇಕಾದರೆ ಬಿಸಿಎ ಇನ್ನೂ ನೇರ. ಸಿಮ್ಯುಲೇಷನ್, ದತ್ತಾಂಶ ವಿಶ್ಲೇಷಣೆ ಇಷ್ಟವಾಗಿದ್ದರೆ ಪಿಎಂಸಿಎಸ್‌ಗೆ ಬೆಲೆ ಬರುತ್ತದೆ. ಪೈಥಾನ್ ಯಾವ ಜೋಡಣೆಯವರಾದರೂ ಕಲಿಯಲೇಬೇಕು.

ಪಿಎಂಇ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲಿ ಚಿಪ್ ಕಂಪನಿಗಳ ಹೆಸರು ಹೇಳಿ ಇದನ್ನು ಮಾರುತ್ತಾರೆ. ಚಿಪ್ ವಿನ್ಯಾಸದ ಕೆಲಸಗಳಿಗೆ ಕಂಪನಿಗಳು ಮುಖ್ಯವಾಗಿ ನೋಡುವುದು ಎಲೆಕ್ಟ್ರಾನಿಕ್ಸ್ ಬಿಇ, ಎಂಟೆಕ್ ಓದಿದವರನ್ನು. ಬಿಎಸ್ಸಿ ಪಿಎಂಇ ಆದ ತಕ್ಷಣ ಆ ಬಾಗಿಲು ತೆರೆಯುವುದಿಲ್ಲ. ದಾರಿ ಹೀಗಿದೆ: ಪಿಎಂಇ, ಆಮೇಲೆ ಎಂಎಸ್ಸಿ ಎಲೆಕ್ಟ್ರಾನಿಕ್ಸ್ ಅಥವಾ ಫಿಸಿಕ್ಸ್, ಆಮೇಲೆ ಗೇಟ್ ಬರೆದು ಮೈಕ್ರೋಎಲೆಕ್ಟ್ರಾನಿಕ್ಸ್, ಆಪ್ಟೋಎಲೆಕ್ಟ್ರಾನಿಕ್ಸ್, ಘನಸ್ಥಿತಿ ತಂತ್ರಜ್ಞಾನದಂಥ ಎಂಟೆಕ್. ಒಟ್ಟು 7 ವರ್ಷ. ಚಿಪ್ ತಯಾರಿಕೆ, ಅಂದರೆ ವೇಫರ್, ತೆಳುಪದರ, ಲಿಥೋಗ್ರಫಿ ಕಡೆ ಮಾತ್ರ ಫಿಸಿಕ್ಸ್ ಓದಿದವರಿಗೆ ನಿಜವಾದ ಮೇಲುಗೈ. ಅಲ್ಲಿ ಬೇಕಾದ್ದು ಪಿ-ಎನ್ ಜಂಕ್ಷನ್ ಒಳಗೆ ಏನು ನಡೆಯುತ್ತದೆ ಅನ್ನುವ ತಿಳಿವಳಿಕೆ. ಲ್ಯಾಬಿನಲ್ಲಿ ಆಪ್-ಆಂಪ್, ಮೈಕ್ರೋಪ್ರೊಸೆಸರ್ ಕಿಟ್ ದಾಟಿ ಏನಿದೆ ಅಂತ ಕೇಳಿ ನೋಡಿ.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಿಬಿಡೋಣ. ವಿಟಿಯು ಎಂಜಿನಿಯರಿಂಗ್‌ನ ಮೊದಲ ವರ್ಷದ ‘ಫಿಸಿಕ್ಸ್ ಸೈಕಲ್’ನಲ್ಲಿ ಬರುವ ಎಂಜಿನಿಯರಿಂಗ್ ಫಿಸಿಕ್ಸ್ ಒಂದು ಪೇಪರು. ಐಐಟಿಗಳಲ್ಲಿ, ನಮ್ಮ ಐಐಟಿ ಧಾರವಾಡದಲ್ಲೂ, ಇರುವ ಎಂಜಿನಿಯರಿಂಗ್ ಫಿಸಿಕ್ಸ್ 4 ವರ್ಷದ ಪೂರ್ತಿ ಬಿಟೆಕ್, ಜೆಇಇ ಅಡ್ವಾನ್ಸ್ಡ್ ಮೂಲಕ ಮಾತ್ರ ಸೀಟು. ಕ್ವಾಂಟಮ್, ಇಎಂ ಥಿಯರಿ ಜೊತೆ ಸಿಗ್ನಲ್ಸ್, ಸರ್ಕ್ಯೂಟ್ಸ್, ಸೆಮಿಕಂಡಕ್ಟರ್ ಸಾಧನಗಳನ್ನು ಓದುತ್ತಾರೆ. ಫಿಸಿಕ್ಸ್ ಇಷ್ಟ, ಆದರೆ 22ನೇ ವಯಸ್ಸಿಗೆ ಕೆಲಸ ಬೇಕು ಅನ್ನುವವರಿಗೆ ಸಿಕ್ಕರೆ ಒಳ್ಳೆಯ ಆಯ್ಕೆ.

ನೇರವಾಗಿ ಸಂಶೋಧನೆಯ ದಾರಿ

ಮಲ್ಲೇಶ್ವರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ 4 ವರ್ಷದ ಪದವಿ ಕೋರ್ಸಿದೆ. ಮೊದಲ ಮೂರು ಸೆಮಿಸ್ಟರು ಎಲ್ಲರಿಗೂ ಒಂದೇ ಪಾಠ. ಫಿಸಿಕ್ಸ್, ಗಣಿತ, ಕೆಮಿಸ್ಟ್ರಿ, ಬಯಾಲಜಿ ಎಲ್ಲ ಓದಿದ ಮೇಲೆ ಮುಖ್ಯ ವಿಷಯ ಆರಿಸಿಕೊಳ್ಳುತ್ತಾರೆ. ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಇರುತ್ತದೆ. ‘ಫಿಸಿಕ್ಸೋ ಗಣಿತವೋ’ ಅನ್ನುವ ಗೊಂದಲದಲ್ಲಿ ಇರುವವರಿಗೆ ಒಂದೂವರೆ ವರ್ಷದ ಆ ಸಮಯ ವರ. ಯಾವ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಒಪ್ಪುತ್ತಾರೆ ಅನ್ನುವುದು ಬದಲಾಗುತ್ತ ಬಂದಿದೆ. ಹಿಂದೆ ಕೆವಿಪಿವೈ ಇತ್ತು, ಅದು 2022ರಲ್ಲಿ ನಿಂತಿತು. ಹಳೆಯ ಮಾಹಿತಿ ಹಿಡಿದು ತಯಾರಿ ಮಾಡಬೇಡಿ, ಸಂಸ್ಥೆಯ ಆ ವರ್ಷದ ಪ್ರಕಟಣೆಯನ್ನೇ ನೋಡಿ.

ಐಸರ್‌ಗಳು, ಅಂದರೆ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಏಳು: ಪುಣೆ, ಕೋಲ್ಕತ್ತ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರ್ಹಾಂಪುರ. ಅಲ್ಲಿನ 5 ವರ್ಷದ ಬಿಎಸ್-ಎಂಎಸ್‌ಗೆ ಐಎಟಿ ಪರೀಕ್ಷೆ. 3 ಗಂಟೆಯಲ್ಲಿ 60 ಪ್ರಶ್ನೆ, ಬಯಾಲಜಿ, ಕೆಮಿಸ್ಟ್ರಿ, ಗಣಿತ, ಫಿಸಿಕ್ಸ್‌ಗೆ ತಲಾ 15. ಸರಿಯುತ್ತರಕ್ಕೆ 4, ತಪ್ಪಿಗೆ ಮೈನಸ್ 1, ಒಟ್ಟು 240. ಪಿಸಿಎಂಸಿ, ಪಿಸಿಎಂಇ ಓದಿದವರು ಬಯಾಲಜಿ ನೋಡಿ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. 60 ಅಂಕ ಬಿಟ್ಟುಕೊಟ್ಟರೂ 180 ನಿಮ್ಮ ಕೈಯಲ್ಲಿವೆ. ಎಸ್ಸೆಸ್ಸೆಲ್ಸಿಯ ಬಯಾಲಜಿ ನೆನಪಿನಲ್ಲಿ ನಾಲ್ಕೈದು ಸುಲಭದ ಪ್ರಶ್ನೆ ಹೊಡೆಯಬಹುದು, ಉಳಿದದ್ದನ್ನು ಊಹೆ ಮಾಡದೆ ಬಿಡಿ.

ಇವು ಸಿಗದಿದ್ದರೆ ಬೇಸರಪಡಬೇಕಾಗಿಲ್ಲ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಒಂದು ಸಾಧಾರಣ ಬಿಎಸ್ಸಿ ಚೆನ್ನಾಗಿ ಮಾಡಿ, ಜ್ಯಾಮ್ ಮೂಲಕ ಐಐಟಿಗಳ ಎಂಎಸ್ಸಿಗೂ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ, ಜೆಸ್ಟ್ ಮೂಲಕ ಹೆಸರಘಟ್ಟ ಕಡೆಯ ಐಸಿಟಿಎಸ್‌ನಂಥ (ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ) ಸಂಸ್ಥೆಗಳಿಗೂ ಸೇರಬಹುದು. ಮೂರು ವರ್ಷ ತಡವಾಗಿ ಅದೇ ಜಾಗ. ಈ ದಾರಿ ಹಿಡಿದವರಿಗೆ ಬೆಂಗಳೂರಿನಲ್ಲಿ ಇರುವ ಅನುಕೂಲ ಬೇರೆ ಊರಿನಲ್ಲಿಲ್ಲ. ಜವಾಹರಲಾಲ್ ನೆಹರು ತಾರಾಲಯದವರು ಡಿಗ್ರಿ ವಿದ್ಯಾರ್ಥಿಗಳಿಗಾಗಿ ವಾರಾಂತ್ಯದಲ್ಲಿ ‘ರೀಪ್’ ತರಗತಿ ನಡೆಸುತ್ತಾರೆ. ಕಾಲೇಜಿನ ಸಿಲಬಸ್‌ನಲ್ಲಿ ಬಿಟ್ಟುಹೋದದ್ದನ್ನು ಸಂಶೋಧಕರ ಬಾಯಿಂದ ಕಲಿಯುವ ಜಾಗ ಅದು. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿವೆ. ಕಾಲೇಜು ಆರಿಸುವಾಗ ಶನಿವಾರ ಮಧ್ಯಾಹ್ನದ ಮೇಲೆ ಬಿಡುವು ಸಿಗುತ್ತದೆಯೇ, ಅಲ್ಲಿಂದ ತಾರಾಲಯಕ್ಕೆ ಬಸ್ಸು ಹೇಗೆ ಅಂತಲೂ ನೋಡಿ. ಸಣ್ಣ ವಿಷಯ ಅನ್ನಿಸಬಹುದು, ಮೂರು ವರ್ಷದಲ್ಲಿ ಅದು ದೊಡ್ಡದಾಗುತ್ತದೆ.

ಎರಡು ಶಾಖೆ ಹತ್ತಿರದಿಂದ

ಖಗೋಳ ಭೌತವಿಜ್ಞಾನ ಅಂದರೆ ರಾತ್ರಿಯಿಡೀ ದೂರದರ್ಶಕದ ಕಣ್ಣಿಗೆ ಕಣ್ಣಿಟ್ಟು ಕೂರುವುದು ಅಂತ ಬಹಳ ಜನ ತಿಳಿದಿದ್ದಾರೆ. ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ಇಟ್ಟಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯ ಕ್ರೆಸ್ಟ್ ಆವರಣದಿಂದ, ಉಪಗ್ರಹ ಸಂಪರ್ಕದ ಮೂಲಕ. ಸುಮಾರು 4,500 ಮೀಟರ್ ಎತ್ತರದಲ್ಲಿ ಕನ್ನಡಿ ತಿರುಗುತ್ತದೆ, ವೀಕ್ಷಕರು ಹೊಸಕೋಟೆಯಲ್ಲಿ ಪರದೆ ಮುಂದೆ ಕೂತಿರುತ್ತಾರೆ. ಆ ರಾತ್ರಿಯ ದತ್ತಾಂಶವನ್ನು ಶುದ್ಧ ಮಾಡಿ, ಗದ್ದಲ ತೆಗೆದು, ಅರ್ಥ ಹೊರಡಿಸಲು ತಿಂಗಳುಗಳೇ ಬೇಕು. ಗೌರಿಬಿದನೂರಿನ ರೇಡಿಯೋ ಕೇಂದ್ರದಲ್ಲಂತೂ ನೋಡುವುದಕ್ಕೆ ಚಿತ್ರವೇ ಇಲ್ಲ, ಆಂಟೆನಾಗಳ ಸಾಲು ಮತ್ತು ಸಂಕೇತ. ಆದ್ದರಿಂದ ಈ ಶಾಖೆಗೆ ತಯಾರಿ ಅಂದರೆ ಅಂಕಿಶಾಸ್ತ್ರ, ಫೂರಿಯೇ ರೂಪಾಂತರ, ಪ್ರೋಗ್ರಾಮಿಂಗ್. ಡಿಗ್ರಿಯಲ್ಲಿ ಸಾಮಾನ್ಯ ಫಿಸಿಕ್ಸ್ ಓದಿ, ಆಮೇಲೆ ವಿಜ್ಞಾನ ಸಂಸ್ಥೆಯ ಜಂಟಿ ಖಗೋಳ ಕಾರ್ಯಕ್ರಮಕ್ಕೋ, ಖಗೋಳ ಭೌತವಿಜ್ಞಾನ ಸಂಸ್ಥೆಗೋ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಗೋ ಪ್ರಯತ್ನಿಸಿ.

ಮೆಡಿಕಲ್ ಫಿಸಿಕ್ಸ್‌ನ ಬೆಳಗು ಬೇರೆ ಥರ. ಕ್ಯಾನ್ಸರ್ ಆಸ್ಪತ್ರೆಯ ಲೀನಿಯರ್ ಆಕ್ಸಿಲರೇಟರ್ ಮುಂದೆ ಮೊದಲ ರೋಗಿ ಬರುವ ಮುನ್ನ ಕಿರಣದ ಪ್ರಮಾಣ ಪರೀಕ್ಷೆ ಆಗಬೇಕು. ದಿನದ ಪರೀಕ್ಷೆಯಲ್ಲಿ ನಿಗದಿತ ಮಟ್ಟದಿಂದ 3 ಶೇಕಡಕ್ಕಿಂತ ಹೆಚ್ಚು ಆಚೀಚೆ ಆದರೆ ಕಾರಣ ಹುಡುಕದೆ ಚಿಕಿತ್ಸೆ ಮುಂದುವರಿಸುವಂತಿಲ್ಲ. ಆಮೇಲೆ ಒಂದೊಂದು ಗೆಡ್ಡೆಗೂ ಎಷ್ಟು ಡೋಸ್, ಯಾವ ಕೋನದಿಂದ, ಪಕ್ಕದ ಬೆನ್ನುಹುರಿಗೆ ಎಷ್ಟು ತಾಗುತ್ತದೆ ಎಂಬ ಲೆಕ್ಕ. ಶುದ್ಧ ಫಿಸಿಕ್ಸ್ ಇಷ್ಟು ನೇರವಾಗಿ ಒಬ್ಬ ಮನುಷ್ಯನ ಮೈಮೇಲೆ ಕೆಲಸ ಮಾಡುವ ವೃತ್ತಿ ಇನ್ನೊಂದು ನಮಗೆ ಗೊತ್ತಿಲ್ಲ. ದಾರಿ ಎರಡು: ಬಿಎಸ್ಸಿ ಫಿಸಿಕ್ಸ್ ನಂತರ ಎಂಎಸ್ಸಿ ಮೆಡಿಕಲ್ ಫಿಸಿಕ್ಸ್, ಅಥವಾ ಎಂಎಸ್ಸಿ ಫಿಸಿಕ್ಸ್ ನಂತರ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ, ಮುಂಬೈಯ ಬಿಎಆರ್‌ಸಿಯಲ್ಲಿ ಇರುವಂಥದ್ದು. ಎರಡಕ್ಕೂ ಮಾನ್ಯತೆ ಇರುವ ರೇಡಿಯೇಷನ್ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಬೇಕು. ಸೇರುವ ಮೊದಲು ಆ ಕೋರ್ಸು ಎಇಆರ್‌ಬಿ ಪಟ್ಟಿಯಲ್ಲಿದೆಯೇ, ಇಂಟರ್ನ್‌ಶಿಪ್ಪನ್ನು ಕಾಲೇಜೇ ಕೊಡಿಸುತ್ತದೆಯೇ ಎರಡನ್ನೂ ಬರಹದಲ್ಲಿ ಕೇಳಿ. ಬಿಎಸ್ಸಿ ಮೆಡಿಕಲ್ ಇಮೇಜಿಂಗ್, ಬಿಎಸ್ಸಿ ರೇಡಿಯೋಥೆರಪಿ ಟೆಕ್ನಾಲಜಿ ಇವು ಯಂತ್ರ ನಡೆಸುವ ತಂತ್ರಜ್ಞರ ಕೋರ್ಸು. ಗೌರವದ ಕೆಲಸವೇ, ಆದರೆ ಅಲ್ಲಿಂದ ಮೆಡಿಕಲ್ ಫಿಸಿಸಿಸ್ಟ್ ಆಗುವ ದಾರಿ ಇಲ್ಲವೆನ್ನುವಷ್ಟು ಕಷ್ಟ. ಹೆಸರು ಒಂದೇ ಥರ ಕೇಳಿಸುತ್ತದೆ ಅಂತ ಪ್ರತಿವರ್ಷ ಮಕ್ಕಳು ತಪ್ಪಿ ಇಲ್ಲಿ ಸೇರುತ್ತಾರೆ.

ಮೂರು ವರ್ಷವೋ ನಾಲ್ಕೋ

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2021-22ರಲ್ಲಿ ಬಂದ 4 ವರ್ಷದ ಆನರ್ಸ್ ಪದ್ಧತಿ 2024-25ರಿಂದ ಮತ್ತೆ 3 ವರ್ಷಕ್ಕೆ ಮರಳಿತು. ಖಾಸಗಿ, ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ 4 ವರ್ಷ ಸಿಗುತ್ತದೆ. ಇಲ್ಲೇ ಎಂಎಸ್ಸಿ ಮಾಡುವವರಿಗೆ 3 ಸಾಕು. ವಿದೇಶಕ್ಕೆ, ಅದರಲ್ಲೂ ಅಮೆರಿಕಕ್ಕೆ ನೇರ ಅರ್ಜಿ ಹಾಕುವ ಯೋಚನೆ ಇದ್ದರೆ 16 ವರ್ಷದ ಓದು ಕೇಳುವ ವಿಶ್ವವಿದ್ಯಾಲಯಗಳಿವೆ, ಅವರಿಗೆ ನಾಲ್ಕನೆಯ ವರ್ಷ ಉಪಯೋಗ. ಯುಜಿಸಿ ನಿಯಮದಲ್ಲಿ 4 ವರ್ಷದ ಪದವಿಯಲ್ಲಿ 75 ಶೇಕಡ ಬಂದವರು ನೇರ ಪಿಎಚ್‌ಡಿಗೆ ಅರ್ಹರು. ಆದರೆ ನಾಲ್ಕನೆಯ ವರ್ಷದಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುವ, ತಾವೂ ಸಂಶೋಧನೆ ಮಾಡುತ್ತಿರುವ ಅಧ್ಯಾಪಕರು ಆ ವಿಭಾಗದಲ್ಲಿ ಎಷ್ಟು ಜನ ಅಂತ ಎಣಿಸಿ. ಇಬ್ಬರೇ ಇದ್ದು ವಿದ್ಯಾರ್ಥಿಗಳು 40 ಇದ್ದರೆ ಆ ವರ್ಷದ ಶುಲ್ಕ ಉಳಿಸಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಡಿಗ್ರಿಯಲ್ಲಿ ಪಾಠ ಇಂಗ್ಲಿಷಿನಲ್ಲಿ ಅನ್ನುವ ಭಯಕ್ಕೆ ಫಿಸಿಕ್ಸ್ ಬಿಡಬೇಡಿ. ಈ ವಿಷಯದಲ್ಲಿ ಭಾಷೆಗಿಂತ ಸಮೀಕರಣ ಹೆಚ್ಚು ಮಾತಾಡುತ್ತದೆ. ನಿಜವಾಗಿ ತೊಡಕಾಗುವುದು ಮೊದಲ ಸೆಮಿಸ್ಟರಿನ ಇನ್ನೂರು ಮುನ್ನೂರು ಪದಗಳು: ಸಂವೇಗಕ್ಕೆ ಮೊಮೆಂಟಮ್, ವೇಗೋತ್ಕರ್ಷಕ್ಕೆ ಆಕ್ಸಿಲರೇಷನ್, ವಿಭವಕ್ಕೆ ಪೊಟೆನ್ಷಿಯಲ್. ಈ ರಜೆಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆದುಕೊಳ್ಳಿ. ಕಾಲೇಜು ನೋಡಲು ಹೋದಾಗ ಅಧ್ಯಾಪಕರನ್ನು ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿ ನೋಡಿ. ತರಗತಿ ಮುಗಿದ ಮೇಲೆ ಕನ್ನಡದಲ್ಲಿ ಸಂದೇಹ ಬಿಡಿಸುವವರು ಒಬ್ಬರಿದ್ದರೂ ಆ ಕಾಲೇಜಿಗೆ ನಮ್ಮ ಲೆಕ್ಕದಲ್ಲಿ ಹೆಚ್ಚಿನ ಅಂಕ.

ಅರ್ಜಿಯ ದಿನಗಳು

ರಾಜ್ಯದ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಯುಯುಸಿಎಂಎಸ್ ಪೋರ್ಟಲ್ ಮೂಲಕ ಅರ್ಜಿ. ಸ್ವಾಯತ್ತ ಕಾಲೇಜು, ಖಾಸಗಿ ವಿ.ವಿ.ಗಳಿಗೆ ಅವರವರ ವೆಬ್‌ಸೈಟು, ಕೆಲವಕ್ಕೆ ಫಲಿತಾಂಶಕ್ಕೂ ಮೊದಲೇ ಅರ್ಜಿ ಮುಗಿದಿರುತ್ತದೆ. ಐಎಟಿ ಅರ್ಜಿಯೂ ಫಲಿತಾಂಶಕ್ಕೆ ಕಾಯುವುದಿಲ್ಲ, ಆದ್ದರಿಂದ ಸೆಕೆಂಡ್ ಪಿಯು ಬೋರ್ಡ್ ಪರೀಕ್ಷೆಯ ಗಲಾಟೆಯಲ್ಲಿ ಅದನ್ನು ಮರೆಯದಂತೆ ಮನೆಯವರೊಬ್ಬರಿಗೆ ಜವಾಬ್ದಾರಿ ಕೊಡಿ. ಡಿಗ್ರಿಯ ಕೊನೆಯ ವರ್ಷದಲ್ಲಿ ಜ್ಯಾಮ್ ಅರ್ಜಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಐದನೆಯ ಸೆಮಿಸ್ಟರ್ ಶುರುವಾಗಿ ಉಸಿರು ಬಿಡುವಷ್ಟರಲ್ಲಿ ಅರ್ಜಿಯ ದಿನ ಮುಗಿದಿರುತ್ತದೆ. ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೂ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಹಾಕಬೇಕು, ಅಧ್ಯಾಪಕರ ಶಿಫಾರಸು ಪತ್ರವೂ ಬೇಕು.

ಸೇರಿದ ಮೇಲೆ ತಪ್ಪಾಯಿತು ಅನ್ನಿಸಿದರೆ ಮೊದಲ ಎರಡು ಮೂರು ವಾರದೊಳಗೆ ಕಾಲೇಜಿನ ಕಚೇರಿಗೆ ಹೋಗಿ ಕಾಂಬಿನೇಷನ್ ಬದಲಿಸಲು ಲಿಖಿತ ಅರ್ಜಿ ಕೊಡಿ. ವಿಶ್ವವಿದ್ಯಾಲಯಕ್ಕೆ ಪ್ರವೇಶದ ಪಟ್ಟಿ ಹೋಗುವ ಮೊದಲು ಪಿಎಂಸಿಎಸ್‌ನಿಂದ ಪಿಸಿಎಂಗೆ ಬರುವುದು ಒಂದು ಸಹಿಯ ಕೆಲಸ. ಪಟ್ಟಿ ಹೋದ ಮೇಲೆ ಒಂದು ವರ್ಷದ ಕೆಲಸ. ಅರ್ಜಿಯ ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.